ಉಸಿರು ಬಿಡುವುದರಿಂದ ಶುರು

ಗಾಬರಿಬಿದ್ದ ಮನಸ್ಸಿಗೆ ‘ಸುಮ್ಮನಿರು’ ಅಂದರೆ ಅದು ಇನ್ನಷ್ಟು ಕುಣಿಯುತ್ತದೆ. ಪತಂಜಲಿಯ ಯೋಗಸೂತ್ರದ ಮೊದಲ ಪಾದದ (ಅಧ್ಯಾಯದ) 31ನೇ ಸೂತ್ರ ಚಿತ್ತ ಚದುರಿದಾಗ ಜೊತೆಗೇ ಬರುವ ನಾಲ್ಕನ್ನು ಹೇಳುತ್ತದೆ: ದುಃಖ, ಮನಸ್ಸಿನ ಕುಗ್ಗು, ಮೈ ನಡುಕ, ಏರುಪೇರಾದ ಉಸಿರು. ಈ ನಾಲ್ಕರಲ್ಲಿ ನಾವು ನೇರವಾಗಿ ಕೈಹಾಕಲು ಆಗುವುದು ಕೊನೆಯದಕ್ಕೆ. ಹಾಗಾಗಿ ನಾನು ಧ್ಯಾನಕ್ಕೆ ಕೂತಾಗ ಮನಸ್ಸನ್ನು ಅದರ ಪಾಡಿಗೆ ಬಿಟ್ಟು ಉಸಿರಿನ ಕಡೆ ತಿರುಗುತ್ತೇನೆ.

ಕೂರುವುದು ಬೆಳಿಗ್ಗೆ, ಫೋನ್ ಮುಟ್ಟುವ ಮೊದಲು. ಫೋನ್ ಬೇರೆ ಕೋಣೆಯಲ್ಲಿರಬೇಕು. ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟುಕೊಂಡರೆ ಮನಸ್ಸಿನ ಒಂದು ತುಣುಕು ಅದನ್ನು ಕಾಯುತ್ತಲೇ ಇರುತ್ತದೆ. ಹೊತ್ತು ನೋಡಿಕೊಳ್ಳಲು ಹಳೆಯ ಅಲಾರಂ ಗಡಿಯಾರ ಸಾಕು. ಕೂರುವ ಮೊದಲು ತಲೆಯಲ್ಲಿ ಸುತ್ತುತ್ತಿರುವ ಕೆಲಸಗಳನ್ನು ಒಂದು ಚೀಟಿಯಲ್ಲಿ ಗೀಚಿಡುತ್ತೇನೆ, ಒಂದಕ್ಕೆ ಒಂದೇ ಸಾಲು. ಮರೆತುಹೋದೀತು ಎಂಬ ಭಯವೇ ಅರ್ಧ ಗದ್ದಲಕ್ಕೆ ಕಾರಣ.

ನೆಲದ ಮೇಲೆ ಕೂರುವುದಾದರೆ ಕಂಬಳಿ ಮಡಚಿ ಕುಂಡೆಯ ಕೆಳಗೆ ಮೂರು ನಾಲ್ಕು ಇಂಚು ಎತ್ತರ ಕೊಡಿ. ಮಂಡಿ ಸೊಂಟಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ಬೆನ್ನು ಗೂನಾಗುತ್ತದೆ, ಹೊಟ್ಟೆ ಮಡಚಿಕೊಳ್ಳುತ್ತದೆ, ಉಸಿರು ಎದೆಯಲ್ಲೇ ನಿಲ್ಲುತ್ತದೆ. ಮಂಡಿ ಕೆಳಗಿಳಿಯದವರು ಕುರ್ಚಿಯಲ್ಲಿ ಕೂತು ಎರಡೂ ಪಾದ ನೆಲಕ್ಕೂರಿದರಾಯಿತು. ಪದ್ಮಾಸನದ ಹಟ ಬೇಡ.

ಮೊದಲ ಐದು ನಿಮಿಷ: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಒಂದು ಎಣಿಕೆ ಸುಮಾರು ಒಂದು ಸೆಕೆಂಡು, ಅಂದರೆ ನಿಮಿಷಕ್ಕೆ ಆರು ಉಸಿರು. ಉಸಿರು ಎಳೆದಾಗ ಎದೆಬಡಿತ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಅದಕ್ಕೇ ಬಿಡುವುದು ಉದ್ದ. ಹೆಚ್ಚಿನವರು ಎಡವುವುದು ಇಲ್ಲೇ: ‘ದೀರ್ಘ ಉಸಿರು’ ಎಂದೊಡನೆ ಎದೆಯುಬ್ಬಿಸಿ ಎಳೆಯುತ್ತಾರೆ. ಹಾಗೆ ಜೋರಾಗಿ ಎಳೆದು ಬಿಟ್ಟು ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳ ತುದಿ ಜುಮುಗುಟ್ಟುತ್ತದೆ, ಆತಂಕ ಇನ್ನೂ ಏರುತ್ತದೆ. ನಿಧಾನ ಬೇಕು, ತುಂಬಾ ಗಾಳಿ ಬೇಡ. ಆರು ಎಣಿಸುವುದರೊಳಗೆ ಏದುಸಿರು ಬಂದರೆ ಒಳಗೆ ಮೂರು, ಹೊರಗೆ ನಾಲ್ಕು ಎಣಿಕೆಗೆ ಇಳಿಸಿ.

ಆಮೇಲೆ ಉಸಿರನ್ನು ಅದರ ಲಯಕ್ಕೆ ಬಿಟ್ಟು, ಹೊರಹೋಗುವ ಪ್ರತಿ ಉಸಿರಿಗೆ ಒಂದು, ಎರಡು ಎಂದು ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬರುವುದು. ಹದಿಮೂರೋ ಹದಿನಾಲ್ಕೋ ಎಣಿಸುತ್ತಿದ್ದೀರಿ ಎಂದು ಗೊತ್ತಾದರೆ, ಬಾಯಿಪಾಠ ನಡೆಯುತ್ತಿತ್ತು, ನೀವು ಬೇರೆಲ್ಲೋ ಇದ್ದಿರಿ ಎಂದರ್ಥ. ಬೈದುಕೊಳ್ಳದೆ ಒಂದರಿಂದ ಶುರು ಮಾಡಿ. ಬೈದುಕೊಳ್ಳುವುದು ಇನ್ನೊಂದು ಯೋಚನೆ, ಅಷ್ಟೆ. ತೂಕಡಿಕೆ ಬಂದರೆ ಕಣ್ಣು ಅರ್ಧ ತೆರೆದು ಮೂರಡಿ ಮುಂದಿನ ನೆಲ ನೋಡಿ. ಹೊಟ್ಟೆ ತುಂಬಿದ್ದಾಗ ಕೂತರೆ ಯಾವ ಉಪಾಯವೂ ನಡೆಯುವುದಿಲ್ಲ.

ಕೊನೆಯ ಐದು ನಿಮಿಷ ನಾಮ. ಯಾವ ಹೆಸರು, ಯಾವ ಪ್ರಾರ್ಥನೆಯ ಸಾಲು ಎಂಬುದು ಅವರವರ ನಂಬಿಕೆಗೆ ಬಿಟ್ಟದ್ದು. ಚಿಕ್ಕದಿರಬೇಕು, ವಾರಕ್ಕೊಮ್ಮೆ ಬದಲಾಗಬಾರದು. ಜಪದಲ್ಲಿ ವಾಚಿಕ (ಬಾಯಿಬಿಟ್ಟು), ಉಪಾಂಶು (ತುಟಿಯಷ್ಟೇ ಅಲುಗುವಂತೆ), ಮಾನಸಿಕ (ಮನಸ್ಸಿನಲ್ಲೇ) ಎಂದು ಮೂರು ಬಗೆ. ಬಾಯಿಬಿಟ್ಟು ಹೇಳುವುದು ಕೆಳಮಟ್ಟದ್ದು, ಮನಸ್ಸಿನಲ್ಲೇ ಹೇಳುವುದು ಮೇಲಿನದು ಎಂಬ ಮಾತಿದೆ. ಆತಂಕದ ದಿನ ನಾನು ಆ ಲೆಕ್ಕ ತಿರುಗಿಸಿಬಿಡುತ್ತೇನೆ: ಮಾನಸಿಕ ಜಪ ಆಗ ನಾಲ್ಕೇ ಸಲಕ್ಕೆ ಚಿಂತೆಯಾಗಿ ಬದಲಾಗುತ್ತದೆ. ದನಿ ತೆಗೆದು ಹೇಳಿದರೆ ಹೊರಹೋಗುವ ಉಸಿರು ತಾನಾಗಿ ಉದ್ದವಾಗುತ್ತದೆ, ಕಿವಿಗೂ ಕೆಲಸ ಸಿಗುತ್ತದೆ.

ಹೊಸಬರಿಗೆ ಒಟ್ಟು ಹದಿನೈದು ನಿಮಿಷ ಸಾಕು. ಯಾವ ಅನುಭೂತಿಯೂ ಇಲ್ಲದೆ ಒಣಒಣವಾಗಿ ಕಳೆಯುವ ವಾರಗಳು ಬಂದೇ ಬರುತ್ತವೆ. ಆಗ ಪದ್ಧತಿ ಬದಲಿಸುವ ಆಸೆ ಹುಟ್ಟುತ್ತದೆ, ಬೇಡ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಕೂತು ಸಾಲ ತೀರಿಸಲೂ ಹೋಗಬೇಡಿ.

ಕೆಲವರಿಗೆ ಕಣ್ಣು ಮುಚ್ಚಿದೊಡನೆ ಭಯ ಏರುತ್ತದೆ, ಹಳೆಯ ಆಘಾತ ಮೇಲೆದ್ದು ಬರುತ್ತದೆ. ಅಂಥವರು ಕಣ್ಣು ತೆರೆದು, ಅಂಗಾಲಿಗೆ ನೆಲ ತಾಗುವುದನ್ನು ಗಮನಿಸುತ್ತ ನಿಧಾನವಾಗಿ ನಡೆಯುವುದು ಒಳ್ಳೆಯದು. ನಿದ್ರೆ, ಊಟ, ಕೆಲಸ ಕೆಡುವಷ್ಟು ಆತಂಕವಿದ್ದರೆ ಮೊದಲು ವೈದ್ಯರನ್ನು ಕಾಣಬೇಕು. ಔಷಧಿ ತೆಗೆದುಕೊಳ್ಳುತ್ತಲೇ ಇದನ್ನೂ ಮಾಡಬಹುದು.