ಎದೆ ಬಡಿತ ಬರಲಿ ಅಂತಲೇ ಬೆಟ್ಟ ಹತ್ತಿದೆ

ಮೊದಲ ಪ್ಯಾನಿಕ್ ಅಟ್ಯಾಕ್ ಬಂದದ್ದು ಮಂಡ್ಯದಿಂದ ಮೈಸೂರಿಗೆ ಬರುವ ರೈಲಿನಲ್ಲಿ, ಪಾಂಡವಪುರ ದಾಟಿದ ಮೇಲೆ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಸತ್ತೇ ಹೋಗ್ತೀನಿ ಅನ್ನುವಷ್ಟು ಭಯ. ಶ್ರೀರಂಗಪಟ್ಟಣದಲ್ಲಿ ಇಳಿದುಬಿಟ್ಟೆ. ಇಳಿದದ್ದೇ ತಪ್ಪು ಅಂತ ಗೊತ್ತಾಗಲು ಎರಡು ವರ್ಷ ಹಿಡಿಯಿತು. ಇಳಿದ ಕೂಡಲೇ ಹಾಯೆನಿಸಿತು, ಅದಕ್ಕೇ ಮುಂದಿನ ಸಲವೂ ಇಳಿದೆ, ಆಮೇಲೆ ರೈಲು ಬಿಟ್ಟೆ, ಬಸ್ಸು ಬಿಟ್ಟೆ, ಕೊನೆಗೆ ದೇವರಾಜ ಮಾರ್ಕೆಟ್ಟಿಗೆ ಹೋಗುವುದನ್ನೂ ಬಿಟ್ಟೆ.

ದುಡ್ಡಂತೂ ನೀರಿನಂತೆ ಹೋಯಿತು. ಇಸಿಜಿ ನಾಲ್ಕೋ ಐದೋ ಸಲ, ಎಕೋ, ಟಿಎಂಟಿ ಅಂತ ಹಾರ್ಟಿನ ಟೆಸ್ಟುಗಳು, ಥೈರಾಯ್ಡ್ ಟೆಸ್ಟು, ಎಲ್ಲ ಸೇರಿ 20 ಸಾವಿರದ ಹತ್ತಿರ. ಎಲ್ಲವೂ ನಾರ್ಮಲ್. ಅಮ್ಮ 1,500 ಕೊಟ್ಟು ತಾಯತ ಕಟ್ಟಿಸಿದರು. ಬ್ಯಾಗಿನಲ್ಲಿ ಯಾವಾಗಲೂ ನೀರಿನ ಬಾಟಲಿ, ಒಂದು ಮಾತ್ರೆ. ಒಂದು ರಾತ್ರಿ ತಡೆಯಲಾಗದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಅದು ಉಚಿತ, ಕನ್ನಡದಲ್ಲೇ ಮಾತಾಡಿದರು. ಅಲ್ಲಿಂದಲೇ ಕೌನ್ಸೆಲಿಂಗ್‌ಗೆ ಹೋಗುವ ಧೈರ್ಯ ಬಂತು. ಸಿಟ್ಟಿಂಗ್‌ಗೆ 800ರಂತೆ ಆರು ಸಿಟ್ಟಿಂಗ್.

ಅಲ್ಲಿ ಹೇಳಿಕೊಟ್ಟದ್ದು ಒಂದೇ. ಬಡಿತ ಬಂದಾಗ ಓಡಬೇಡ, ನೀನೇ ಬರಿಸಿಕೊಂಡು ಅದರ ಜೊತೆ ಕೂರು. ಮೊದಲು ಮನೆಯಲ್ಲೇ ಕುರ್ಚಿ ಮೇಲೆ ಗಿರಗಿರ ತಿರುಗಿದೆ, ಎಳನೀರಿನ ಸ್ಟ್ರಾದಲ್ಲಿ ಒಂದು ನಿಮಿಷ ಉಸಿರಾಡಿದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಮಾತ್ರ ನನ್ನದೇ ಐಡಿಯಾ. ಅಣ್ಣ ಬೈದ, ಗೆಳೆಯರು ನಂಬಲಿಲ್ಲ. ಹಾರ್ಟ್ ಸರಿಯಿದೆ ಅಂತ ಡಾಕ್ಟರ್ ಹೇಳಿದ ಮೇಲೆಯೇ ಹತ್ತಿದ್ದು, ನೀವೂ ಆ ತಪಾಸಣೆ ಬಿಡಬೇಡಿ.

ಮೊದಲ ದಿನ ನೂರು ಮೆಟ್ಟಿಲಿಗೇ ವಾಪಸ್. ಎರಡನೇ ವಾರ ಮುನ್ನೂರರ ಹತ್ತಿರ ಬಂತು ನೋಡಿ, ಜೋರಾಗಿಯೇ ಬಂತು. ಗಂಟಲಲ್ಲಿ ಬಡಿತ, ಅಂಗೈ ತಣ್ಣಗೆ, ಕಾಲು ಕೆಳಗೆ ಇಳಿ ಇಳಿ ಅನ್ನುತ್ತಿತ್ತು. ಕುಂಕುಮ ಹಚ್ಚಿದ ಮೆಟ್ಟಿಲಿನ ಪಕ್ಕ ಕೂತೆ. ನಾಡಿ ಹಿಡಿಯಲಿಲ್ಲ, ನೀರು ಕುಡಿಯಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ಎಂಟು ಹತ್ತು ನಿಮಿಷಕ್ಕೆ ತಾನಾಗಿಯೇ ಇಳಿಯಿತು. ನಾನು ಓಡಿಹೋಗದೆ ಭಯ ತಾನಾಗಿ ಇಳಿದದ್ದು ಅದೇ ಮೊದಲು. ಏನಾಗಬಹುದು ಅಂತ ಹತ್ತುವ ಮೊದಲು ಒಂದು ಚೀಟಿಯಲ್ಲಿ 'ಸತ್ತೇ ಹೋಗ್ತೀನಿ' ಅಂತ ಬರೆದಿದ್ದೆ, ನಿಜಕ್ಕೂ ಆದದ್ದನ್ನು ಅದರ ಕೆಳಗೆ 'ಬೆವರು ಬಂತು' ಅಂತ ಬರೆದೆ. ಆ ಚೀಟಿ ಇನ್ನೂ ಇದೆ.

ಉಸಿರಾಟದಲ್ಲಿ ನಾನು ಜಾಸ್ತಿ ಎಡವಿದೆ. ಜೋರಾಗಿ ಎಳೆದುಕೊಂಡಷ್ಟೂ ಬೆರಳು ಜುಮ್ಮೆನ್ನುತ್ತಿತ್ತು, ತಲೆ ತಿರುಗುತ್ತಿತ್ತು. ನಿಧಾನವಾಗಿ, ಉದ್ದಕ್ಕೆ ಬಿಡುವುದು ಒಳ್ಳೆಯದೇ. ಆದರೆ ಭಯ ಬೇಗ ಹೋಗಲಿ ಅಂತ ಉಸಿರು ಬಿಟ್ಟರೆ ಅದು ಹೋಗಲ್ಲ. ಕಾಫಿಯನ್ನೂ ಒಂದು ತಿಂಗಳು ಬಿಟ್ಟು ನೋಡಿದೆ, ಮೂರು ದಿನ ತಲೆನೋವು ಬಂತು ಅಷ್ಟೇ. ಆಮೇಲೆ ಬೇಕಂತಲೇ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದು ಹತ್ತತೊಡಗಿದೆ!

ಏಳೆಂಟು ವಾರಕ್ಕೆ ನಂದಿ ಮುಟ್ಟಿದೆ, ಸುಮಾರು ಏಳೆಂಟು ನೂರು ಮೆಟ್ಟಿಲು ಆಗುತ್ತದೆ. ಅಲ್ಲಿ ಕೂತು ನನಗೆ ನಾನೇ ಹೇಳಿಕೊಳ್ಳುವ ಒಂದು ಮಾತಿದೆ. ಅದನ್ನು ಬರೆಯುವುದಿಲ್ಲ, ಅದು ನನಗಿರಲಿ.

ಹೋದ ತಿಂಗಳು ಬಾಟಲಿ, ಮಾತ್ರೆ ಎರಡನ್ನೂ ಮನೆಯಲ್ಲೇ ಬಿಟ್ಟು ಅದೇ ರೈಲು ಹತ್ತಿದೆ. ಶ್ರೀರಂಗಪಟ್ಟಣ ಬಿಟ್ಟು ಕಾವೇರಿ ಸೇತುವೆ ಮೇಲೆ ಶುರುವಾಯಿತು. ಕೂತೇ ಇದ್ದೆ. ಮೈಸೂರು ಸ್ಟೇಷನ್ ಬರುವಷ್ಟರಲ್ಲಿ ಪಕ್ಕದವರ ಜೊತೆ ಕಬ್ಬಿನ ರೇಟು ಮಾತಾಡುತ್ತಿದ್ದೆ.