ಸ್ವರ್ಣಾ ನದಿಗೊಂದು ಚಿತ್ರನಕ್ಷೆ: ಪದವಿನಿಂದ ಅಳಿವೆಯವರೆಗೆ

ಉಡುಪಿ ನಗರದ ನಲ್ಲಿಗಳಲ್ಲಿ ಬರುವುದು ಹಿರಿಯಡ್ಕದ ಬಳಿಯ ಬಜೆ ಅಣೆಕಟ್ಟಿನ ನೀರು, ಅಂದರೆ ಸ್ವರ್ಣಾ ನದಿಯ ನೀರು ಎಂಬುದು ಇಲ್ಲಿನ ಹೆಚ್ಚಿನವರಿಗೆ ಗೊತ್ತು. ಆದರೆ ಕಾರ್ಕಳ ತಾಲೂಕಿನ ಘಟ್ಟದಿಂದ ಇಳಿದು, ಮಣಿಪಾಲದ ಪದವಿನ (ಮುರಕಲ್ಲು ಅಂದರೆ ಜಂಬಿಟ್ಟಿಗೆಯ ಬಯಲುಗುಡ್ಡದ) ಬುಡವನ್ನು ಬಳಸಿ, ಕಲ್ಯಾಣಪುರವನ್ನು ದಾಟಿ, ಕೋಡಿಬೆಂಗ್ರೆಯ ಬಳಿ ಸೀತಾ ನದಿಯೊಡನೆ ಕಡಲು ಸೇರುವ ಈ ನದಿ ದಾರಿಯುದ್ದಕ್ಕೂ ಯಾವ ಯಾವ ಜೀವಿಗಳನ್ನು ಸಾಕುತ್ತದೆ ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಚಿತ್ರಕಲಾ ಶಿಕ್ಷಕನಾದ ನಾನು ಇದನ್ನು ಭಾಷಣದಿಂದ ತಿಳಿಸುವ ಬದಲು ಒಂದು ದೊಡ್ಡ ಚಿತ್ರನಕ್ಷೆಯಾಗಿ ಬರೆಯಲು ಹೊರಟೆ.

ಅಳತೆಗಾಗಿ ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕಾಶೆಯನ್ನೂ ಉಪಗ್ರಹ ಚಿತ್ರವನ್ನೂ ಎದುರಿಗಿಟ್ಟುಕೊಂಡು ನದಿಯ ತಿರುವು, ಸೇತುವೆ, ನದಿಯ ನಡುಗಡ್ಡೆಗಳಾದ ಕುದ್ರುಗಳನ್ನು ಪೆನ್ಸಿಲಿನಲ್ಲಿ ಗುರುತಿಸಿದೆ. ಉತ್ತರವನ್ನು ಮೇಲಿಡುವ ರೂಢಿಯನ್ನು ಮಾತ್ರ ಬೇಕೆಂದೇ ಬಿಟ್ಟೆ. ಕರಾವಳಿಯವರ ಮನಸ್ಸಿನಲ್ಲಿ ಘಟ್ಟ ಮೇಲಿದೆ, ಕಡಲು ಕೆಳಗಿದೆ. ಮೂಡು ದಿಕ್ಕನ್ನು ಹಾಳೆಯ ತಲೆಭಾಗಕ್ಕೆ ತಂದಾಗ ನದಿ ಮೇಲಿನಿಂದ ಕೆಳಕ್ಕೆ ಹರಿಯಿತು, ನಕಾಶೆ ಓದಿ ಅಭ್ಯಾಸವಿಲ್ಲದ ಹಿರಿಯರೂ ತಮ್ಮ ಊರಿನ ಮೇಲೆ ತಡವರಿಸದೆ ಬೆರಳಿಟ್ಟರು. ದೈವಸ್ಥಾನ, ಇಗರ್ಜಿ, ಮಸೀದಿ, ಶಾಲೆ, ಮೀನು ಮಾರುಕಟ್ಟೆಗಳನ್ನು ಮೊದಲು ಬರೆದು ಜೀವಿಗಳನ್ನು ಆಮೇಲೆ ತುಂಬಿದ್ದಕ್ಕೂ ಇದೇ ಕಾರಣ: ತನ್ನ ಮನೆ ಎಲ್ಲಿದೆಯೆಂದು ಕಂಡುಕೊಳ್ಳದವನು ನೆರೆಯಲ್ಲಿ ಯಾರಿದ್ದಾರೆಂದು ನೋಡುವುದಿಲ್ಲ.

ಹೆಚ್ಚು ಸಮಯ ಬೇಡಿದ್ದು ಮುರಕಲ್ಲಿನ ಪದವು. ಯಾವ ನಕಾಶೆಯಲ್ಲಿ ನೋಡಿದರೂ ಅದು ಖಾಲಿ ಜಾಗ, ಜನರ ಬಾಯಲ್ಲಿ ಪಾಳುಭೂಮಿ. ಆದ್ದರಿಂದಲೇ ಕಲ್ಲುಕೋರೆಗೂ ಕಸಕ್ಕೂ ಅದು ಸುಲಭವಾಗಿ ಒದಗುತ್ತದೆ. ಮಾರ್ಚಿಯಲ್ಲಿ ಹೋದರೆ ಒಣಹುಲ್ಲು, ಕಾದ ಕಲ್ಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎಂಬುದು ನಿಜ. ಆದರೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಈ ಸೀಮೆಯಲ್ಲಿ ಆಗಸ್ಟ್ ಹೊತ್ತಿಗೆ ಅದೇ ಕಲ್ಲಿನ ತಗ್ಗುಗಳು ತಾತ್ಕಾಲಿಕ ಕೊಳಗಳಾಗಿ, ಯುಟ್ರಿಕ್ಯುಲೇರಿಯದ ನೀಲಿ ಹೂಗಳೂ ಎರಿಯೊಕಾಲಾನ್‌ನ ಬಿಳಿ ಗುಂಡಿಗಳಂಥ ಹೂಗೊಂಚಲುಗಳೂ ತುಂಬಿಕೊಳ್ಳುತ್ತವೆ. ಮುರಕಲ್ಲಿನ ತೆಳು ಮಣ್ಣಿನಲ್ಲಿ ಸಾರಜನಕ ಕಡಿಮೆಯಿರುವುದರಿಂದ ಯುಟ್ರಿಕ್ಯುಲೇರಿಯ, ಡ್ರೊಸೆರಾಗಳಂಥ ಗಿಡಗಳು ಸಣ್ಣ ಜೀವಿಗಳನ್ನು ಹಿಡಿದು ಆ ಕೊರತೆಯನ್ನು ತುಂಬಿಕೊಳ್ಳುತ್ತವೆ. ಹೀಗಾಗಿ ಪದವು ಪ್ರದೇಶವನ್ನು ಮಾತ್ರ ನಕ್ಷೆಯ ಅಂಚಿನಲ್ಲಿ ಎರಡು ಸಲ ಬರೆದೆ, ಬೇಸಿಗೆಯದೊಂದು, ಮಳೆಗಾಲದ್ದೊಂದು. ಅದರ ಕೆಳಗೆ ಪದವಿನ ಸೀಳುನೋಟವನ್ನು ಬಿಡಿಸಿ, ರಂಧ್ರಗಳಿರುವ ಕಲ್ಲಿನೊಳಗೆ ಇಂಗಿದ ಮಳೆನೀರು ಇಳಿಜಾರಿನ ಬಾವಿಗಳಿಗೆ ಬರುವುದನ್ನು ಬಾಣದ ಗುರುತುಗಳಿಂದ ತೋರಿಸಿದೆ. ಹೂವಿನ ಸೊಬಗಿಗಿಂತ ಈ ಬಾವಿಯ ಚಿತ್ರವೇ ಹೆಚ್ಚು ಮಾತನ್ನು ಹುಟ್ಟಿಸಿತು.

ಅಳಿವೆಯ ಭಾಗದಲ್ಲಿ ಕಾಂಡ್ಲ (ಮ್ಯಾಂಗ್ರೋವ್) ಕಾಡನ್ನು ಒಂದೇ ಹಸಿರು ಬಣ್ಣದಲ್ಲಿ ಬಳಿದುಬಿಡದೆ, ಊರುಗೋಲಿನಂಥ ಬೇರುಗಳಿರುವ ರೈಜೊಫೊರಾವನ್ನೂ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳ ಅವಿಸೆನಿಯಾವನ್ನೂ ಬೇರೆ ಬೇರೆಯಾಗಿ ಬರೆದು, ಆ ಬೇರುಗಳ ನಡುವೆ ಸಿಗಡಿ ಮತ್ತು ಮೀನುಗಳ ಮರಿಗಳನ್ನು ಇಟ್ಟೆ. ಕಾಣೆ ಮೀನಿಗೆ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವವರಿಗೆ ಈ ಭಾಗವನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಮರುವಾಯಿ (ತಿನ್ನುವ ಚಿಪ್ಪುಜೀವಿ) ಹೆಕ್ಕುವ ಹಿರಿಯರೊಬ್ಬರು ಮಾತ್ರ, "ಮರುವಾಯಿ ಬರೆಯಿರಿ ಮಾಸ್ಟ್ರೆ, ಆದರೆ ಎಲ್ಲಿ ಸಿಗುತ್ತದೆಂದು ಬರೆಯಬೇಡಿ" ಎಂದರು. ಆ ಮಾತನ್ನು ಇಡೀ ನಕ್ಷೆಗೆ ನಿಯಮವನ್ನಾಗಿ ಮಾಡಿಕೊಂಡೆ. ನೀರುನಾಯಿಯ ಬಿಲ, ಮಂಗಟ್ಟೆ ಹಕ್ಕಿಯ ಗೂಡು, ಕಡಲಾಮೆ ಮೊಟ್ಟೆಯಿಡುವ ಜಾಗ, ಇವುಗಳಲ್ಲಿ ಯಾವುದೂ ಹಾಳೆಯ ಮೇಲೆ ನಿಜವಾದ ಸ್ಥಳದಲ್ಲಿಲ್ಲ. ಆ ಪ್ರಾಣಿ ಈ ಸೀಮೆಯಲ್ಲಿದೆ ಎಂದಷ್ಟೇ ಚಿತ್ರ ಹೇಳುತ್ತದೆ.

ಹುಲಿವೇಷದ ಊರಿನಲ್ಲಿ ಹುಲಿಯಿಲ್ಲದ ನಕ್ಷೆಯೇ ಎಂದು ಕೇಳಿದವರೂ ಇದ್ದರು. ದೊಡ್ಡ ಪ್ರಾಣಿಯನ್ನು ನಡುವೆ ನಿಲ್ಲಿಸಿದರೆ ಜನ ಅದನ್ನೇ ನೋಡಿ ಹೋಗುತ್ತಾರೆ ಎಂಬುದು ನನ್ನ ಅಭಿಪ್ರಾಯ. ಮೈಕ್ರೊಹೈಲಾ ಕೊಡಿಯಾಲ್ ಎಂಬ ಪುಟ್ಟ ಕಪ್ಪೆಯನ್ನು ಹೊಸ ಪ್ರಭೇದವೆಂದು ವಿಜ್ಞಾನಿಗಳು ವರ್ಣಿಸಿದ್ದು 2018ರಲ್ಲಿ, ಅದೂ ದಟ್ಟಾರಣ್ಯದಿಂದಲ್ಲ, ಮಂಗಳೂರು ನಗರದಿಂದ. ಆದ್ದರಿಂದ ಕಪ್ಪೆ, ಏಡಿ, ಏರೋಪ್ಲೇನ್ ಚಿಟ್ಟೆಗಳನ್ನು ಅವುಗಳ ಅಳತೆ ಮೀರಿ ದೊಡ್ಡದಾಗಿಯೇ ಬರೆದೆ.

ಮುದ್ರಣಕ್ಕೆ ಫ್ಲೆಕ್ಸ್ ಅಗ್ಗವಾಗಿದ್ದರೂ ಹತ್ತಿಬಟ್ಟೆಯನ್ನೇ ಆರಿಸಿದೆ. ಮಡಚಿ ಬಸ್ಸಿನಲ್ಲಿ ಒಯ್ಯಬಹುದು, ಅಂಗನವಾಡಿಯ ನೆಲದ ಮೇಲೂ ಹಾಸಬಹುದು. ಅಂಚಿನಲ್ಲಿ ಅಗಲವಾದ ಖಾಲಿ ಪಟ್ಟಿಯನ್ನು ಉಳಿಸಿ, ನೋಡಿದವರು ತಾವು ಕಂಡ ಜೀವಿಯ ಹೆಸರನ್ನು ತುಳುವಿನಲ್ಲೋ ಕನ್ನಡದಲ್ಲೋ ಕೊಂಕಣಿಯಲ್ಲೋ ಬರೆಯಲೆಂದು ಪೆನ್ನನ್ನು ಕಟ್ಟಿಟ್ಟೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದ್ದು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಅಂಚಿನ ಪಟ್ಟಿ ತುಂಬಿದ ಬಟ್ಟೆಗಳಿಂದ ಹೆಸರುಗಳನ್ನು ಊರುವಾರು ಬೇರ್ಪಡಿಸಿ, ಆಯಾ ಪಂಚಾಯತಿಯ ಸಮಿತಿಗೆ ಕೊಡುವ ಕೆಲಸ ಈಗ ನಡೆಯುತ್ತಿದೆ.