ಎಲ್‌ಪಿ ರೆಕಾರ್ಡ್ ತೊಳೆಯುವುದು, ಜಾಲಿಸುವುದು, ಒಣಗಿಸುವುದು

ತೊಳೆದ ಮೇಲೂ ರೆಕಾರ್ಡ್ ಚಿಟಪಟ ಅನ್ನುತ್ತಿದೆಯೆಂದರೆ, ಸಾಮಾನ್ಯವಾಗಿ ಜಾಲಿಸುವ ಕೆಲಸ ಅರ್ಧಕ್ಕೆ ನಿಂತಿದೆ ಎಂದರ್ಥ. ರೆಕಾರ್ಡಿನ ಗೆರೆ ಹೆಚ್ಚುಕಡಿಮೆ ಕೂದಲೆಳೆಯಷ್ಟು ಅಗಲ. ಸೋಪು ಬಿಡಿಸಿದ ಕೊಳೆ ಆ ಸಂದಿಯಲ್ಲೇ ನೀರಿನೊಂದಿಗೆ ಒಣಗಿಬಿಟ್ಟರೆ ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ.

ಬರೀ ಧೂಳಿಗೆ ನೀರು ಬೇಕಿಲ್ಲ. ಕಾರ್ಬನ್ ಫೈಬರ್ ಬ್ರಷ್ಷನ್ನು ತಿರುಗುತ್ತಿರುವ ರೆಕಾರ್ಡಿನ ಮೇಲೆ ಹಗುರವಾಗಿ ಆನಿಸಿ, ಎರಡು-ಮೂರು ಸುತ್ತು ಬಿಟ್ಟು, ನಿಧಾನವಾಗಿ ಅಂಚಿನಾಚೆಗೆ ಎಳೆದುಬಿಡಿ. ಪ್ರತಿ ಸಲ ಹಾಕುವ ಮುನ್ನ ಇಷ್ಟು ಮಾಡಿದರೆ ಸಾಕು. ಬೆರಳಚ್ಚು, ಬೂಸ್ಟು, ಜಿಡ್ಡು ಕಂಡಾಗ ಮಾತ್ರ ತೊಳೆಯಿರಿ.

ತೊಳೆಯುವ ಮುನ್ನ ಒಂದು ಎಚ್ಚರಿಕೆ: ನಿಮಿಷಕ್ಕೆ 78 ಸುತ್ತಿನ ವೇಗದ ಹಳೆಯ ತಟ್ಟೆಗಳು ಬಹುತೇಕ ಅರಗಿನವು. ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ, ಹಾಡೂ ಅದರ ಜೊತೆಗೇ ಹೋಗುತ್ತದೆ. ಕೆಳಗೆ ಹೇಳಿದ ಮಿಶ್ರಣ ವಿನೈಲ್‌ಗೆ, ಅಂದರೆ ಎಲ್‌ಪಿಗಳ ಪ್ಲಾಸ್ಟಿಕ್ಕಿಗೆ ಮಾತ್ರ.

400 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್ (99%), ಬಣ್ಣ-ವಾಸನೆಯಿಲ್ಲದ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಮೂರನೆಯ ಹನಿಗೆ ಆಸೆಪಡಬೇಡಿ. ನೀರು ಗುಂಡಗೆ ನಿಲ್ಲದೆ ಗೆರೆಯೊಳಕ್ಕೆ ಇಳಿಯಲಿ ಎಂಬುದಷ್ಟೇ ಅದರ ಕೆಲಸ, ನೊರೆ ಬರಬೇಕಿಲ್ಲ. ನಲ್ಲಿ ನೀರಾದರೆ ಒಣಗಿದಾಗ ಅದರ ಲವಣ ಗೆರೆಯಲ್ಲೇ ಉಳಿಯುತ್ತದೆ.

ರೆಕಾರ್ಡನ್ನು ಶುಭ್ರ ಟವೆಲ್ ಮೇಲೆ ಮಲಗಿಸಿ. ಲೇಬಲ್ಲಿನಿಂದ ಒಂದು ಬೆರಳಗಲ ಬಿಟ್ಟು ಮಿಶ್ರಣ ಸಿಂಪಡಿಸಿ. ಲೇಬಲ್ ಕಾಗದದ್ದು, ನೆನೆದರೆ ಶಾಯಿ ಹರಡುತ್ತದೆ. ಒಂದು ನಿಮಿಷ ಬಿಟ್ಟು, ಮೆತ್ತನೆಯ ಬ್ರಷ್ ಅಥವಾ ಮೈಕ್ರೋಫೈಬರ್ ಬಟ್ಟೆಯಿಂದ ಗೆರೆ ಹೋದ ದಿಕ್ಕಿನಲ್ಲೇ ಸುತ್ತಲೂ ಒರೆಸಿ. ಅಡ್ಡಡ್ಡ ಉಜ್ಜಿದರೆ ಮರಳಿನ ಕಣವೊಂದೇ ಸಾಕು, ಹತ್ತಾರು ಗೆರೆಗಳಿಗೆ ಒಟ್ಟಿಗೆ ಗೀರು ಬೀಳುತ್ತದೆ. ಮಿಶ್ರಣ ಮೇಲೆಯೇ ಒಣಗಲು ಬಿಡದೆ ಹೀರಿ ತೆಗೆಯಿರಿ.

ಈಗ ಜಾಲಿಸುವುದು. ಬೇರೆ ಬಟ್ಟೆ, ಬರೀ ಡಿಸ್ಟಿಲ್ಡ್ ನೀರು, ಎರಡು ಸಲ. ತೊಳೆಯಲು ಬಳಸಿದ ಬಟ್ಟೆಯಲ್ಲೇ ಜಾಲಿಸಿದರೆ ಸೋಪನ್ನು ಮತ್ತೆ ಬಳಿದಂತೆ. ಆಮೇಲೆ ಒಣ ಬಟ್ಟೆಯನ್ನು ಒತ್ತಿ ನೀರು ಹೀರಿಸಿ, ಇನ್ನೊಂದು ಮಗ್ಗುಲಿಗೂ ಹೀಗೇ ಮಾಡಿ, ಪಾತ್ರೆ ಒಣಹಾಕುವ ಸ್ಟ್ಯಾಂಡಿನಲ್ಲಿ ಒಂದು ಗಂಟೆ ನಿಲ್ಲಿಸಿ. ಹೇರ್ ಡ್ರೈಯರ್, ಬಿಸಿಲು ಎರಡೂ ಬೇಡ, ವಿನೈಲ್ ಸೊಟ್ಟಗಾಗುತ್ತದೆ. ಫ್ಯಾನು ಧೂಳು ತಂದು ಅಂಟಿಸುತ್ತದೆ. ಪಸೆ ಇರುವಾಗಲೇ ಕವರಿಗೆ ಹಾಕಿದರೆ ಬೂಸ್ಟು ಖಂಡಿತ.

ಒಳಗಿನ ಹಳೆಯ ಕಾಗದದ ಕವರಿಗೇ ಮರಳಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಅದರೊಳಗೆ ಹಳೆಯ ಧೂಳು ಹಾಗೇ ಇರುತ್ತದೆ. ಹೊಸ ಆಂಟಿಸ್ಟಾಟಿಕ್ (ಧೂಳನ್ನು ಸೆಳೆಯದ) ಕವರ್ ಹಾಕಿ. ಪಿವಿಸಿಯ ದಪ್ಪ ಕವರುಗಳು ವರ್ಷಗಳ ಮೇಲೆ ವಿನೈಲ್‌ಗೆ ಮಸುಕು ಹಿಡಿಸುತ್ತವೆ, ಪಾಲಿಥೀನ್ ವಾಸಿ. ರೆಕಾರ್ಡುಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಬೇಡಿ.

ತೊಳೆದ ನಂತರ ಮೊದಲ ಸಲ ಹಾಕಿದಾಗ ಸೂಜಿ, ಸಡಿಲವಾದ ಕೊಳೆಯನ್ನು ಎಳೆದು ತರುತ್ತದೆ. ತುದಿಯಲ್ಲಿ ಬೂದು ಎಳೆ ಕಂಡರೆ ಗಾಬರಿ ಬೇಡ. ಸೂಜಿಯ ಬ್ರಷ್ಷನ್ನು ಹಿಂದಿನಿಂದ ಮುಂದಕ್ಕೆ, ಅದೊಂದೇ ದಿಕ್ಕಿನಲ್ಲಿ ಎಳೆಯಿರಿ. ಎದುರು ದಿಕ್ಕಿಗೆ ಹೋದರೆ ಸೂಜಿ ಹಿಡಿದ ಕಡ್ಡಿ ಬಾಗುತ್ತದೆ.

ಇಷ್ಟಾದ ಮೇಲೂ 'ಟಕ್' ಉಳಿದರೆ ಗಡಿಯಾರ ನೋಡಿ. 33⅓ರ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು. ಸದ್ದು ಅಷ್ಟಷ್ಟು ಹೊತ್ತಿಗೇ ಮರಳುತ್ತಿದ್ದರೆ ಒಂದೇ ಜಾಗದ ದೋಷ: ಓರೆ ಬೆಳಕಿನಲ್ಲಿ ಹುಡುಕಿದರೆ ಅಂಟಿದ ಕೊಳೆ ಇಲ್ಲವೇ ಗೀರು ಸಿಗುತ್ತದೆ. ಕೊಳೆಯಾದರೆ ಇನ್ನೊಮ್ಮೆ ತೊಳೆಯಿರಿ. ಗೀರಾದರೆ ಯಾವ ದ್ರಾವಣಕ್ಕೂ ಹೋಗುವಂಥದಲ್ಲ.